ಹೂವಿನ ಪ್ರದರ್ಶನಕ್ಕೆ ಸಾಕ್ಷಿ ಬಂದಿದೆ

ಅಲ್ಲ, ಆ ನಾಯಿಯ ಹರಿದ ಕಿವಿ ಎಡಗಡೆಯದೋ ಬಲಗಡೆಯದೋ? ಎಡಗಡೆಯದು ಎಂದು ಹೋದ ಸಲ ಯಾರಿಗೋ ಹೇಳಿದ್ದೆ. ಈಗ ನೋಡಿದರೆ ನನಗೆ ಹೇಳಿದ್ದು ನೆನಪಿದೆಯೇ ಹೊರತು ಕಿವಿ ನೆನಪಿಲ್ಲ! ಹೀಗಿರುವಾಗ ಮುಂದೆ ಬರೆಯುವುದರಲ್ಲಿ ಎಷ್ಟನ್ನು ನಂಬಬೇಕು ಎಂಬುದು ನಿಮಗೆ ಬಿಟ್ಟದ್ದು. ನನ್ನ ಸೋದರತ್ತೆಯ ಬಗ್ಗೆ ಮಾತ್ರ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಮಂಡ್ಯದ ಫಲಪುಷ್ಪ ಪ್ರದರ್ಶನಕ್ಕೆ ವರ್ಷವರ್ಷವೂ ತಪ್ಪದೆ ಬಂದು, ಒಂದೇ ಒಂದು ಹೂವನ್ನೂ ನೋಡದೆ ವಾಪಸ್ಸು ಹೋಗುವ ಹೆಂಗಸು ಇಡೀ ಜಿಲ್ಲೆಯಲ್ಲಿ ಅವಳೊಬ್ಬಳೇ! ಅವಳು ನೋಡುವುದು ತನ್ನ ನಾಯಿಯನ್ನು.

ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಏಳು ವರ್ಷದ ಹಿಂದೆ, ಶಿವರಾತ್ರಿ ಕಳೆದ ವಾರ, ಅತ್ತೆಯ ಗಂಡ, ಅಂದರೆ ನಮ್ಮ ಮಾವ, ದುದ್ದದ ಹತ್ತಿರದ ತಮ್ಮ ಊರಿನಿಂದ ಹೂವಿನ ಪ್ರದರ್ಶನ ನೋಡಲು ಹೊರಟರು. ಜೊತೆಗೆ ಕೆಂಚ ಎಂಬ ನಾಯಿ. ಹೂವು ನೋಡಲು ನಾಯಿ ಯಾಕೆ? ಬಿಟ್ಟುಹೋದರೂ ಅದು ಬಸ್ಸಿನ ಹಿಂದೆ ಓಡಿ ಬರುತ್ತದೆ, ಅದರ ಬದಲು ಕರೆದುಕೊಂಡು ಹೋಗುವುದೇ ಮರ್ಯಾದೆ ಎನ್ನುತ್ತಿದ್ದರಂತೆ. ಮೂರನೆಯ ದಿನ ಬೆಳಿಗ್ಗೆ ಕೆಂಚ ಒಬ್ಬನೇ ಮನೆಗೆ ಬಂದ. ಕೊರಳ ಹಗ್ಗ ಹಾಗೇ ಇತ್ತು. ಕಡಿದಿರಲಿಲ್ಲ, ಹರಿದಿರಲಿಲ್ಲ, ಯಾರೋ ಸುಮ್ಮನೆ ಕೈಬಿಟ್ಟಂತಿತ್ತು. ಮಾವ ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಪೊಲೀಸರು ಮಾವನ ಫೋಟೋ ಇಸಿದುಕೊಂಡು ಹೋದರು. ಅತ್ತೆ ಅಳಲಿಲ್ಲ. ಜಗಲಿಯ ಮೇಲೆ ಕೆಂಚನ ಎದುರು ಕುಕ್ಕರಗಾಲಲ್ಲಿ ಕೂತು ವಿಚಾರಣೆ ಶುರುಮಾಡಿದಳು.

"ಯೋಳ್ಲಾ, ಎಲ್ ಬುಟ್ಟು ಬಂದೆ?"

ಕೆಂಚ ಹೇಳಲಿಲ್ಲ. ಹೇಳುವುದಿರಲಿ, ಅವತ್ತಿನಿಂದ ಅದು ಬೊಗಳಿಯೂ ಇಲ್ಲ. ಕಳ್ಳ ಬಂದರೂ ಇಲ್ಲ, ಕೋತಿ ಬಂದರೂ ಇಲ್ಲ. ಊರಿನವರಂತೂ ಹಳೆಯ ಕೆಂಚ ಸತ್ತು ಯಾವ ಕಾಲವಾಯಿತು, ಇದು ಬೇರೆಯದೇ ನಾಯಿ ಎನ್ನುತ್ತಾರೆ. ಈ ಮಾತು ಅತ್ತೆಯ ಕಿವಿಗೆ ಬಿದ್ದರೆ, "ನಿಮ್ಮಪ್ಪನೂ ಬೇರೆಯೋನೇ ಓಗ್ಲಾ" ಎಂದು ಆ ಸಂಶೋಧನೆಯನ್ನು ಅಲ್ಲಿಗೇ ಮುಗಿಸುತ್ತಾಳೆ!

ನಾಯಿ ಬಾಯಲ್ಲಿ ಹೇಳದಿದ್ದರೆ ಕಾಲಲ್ಲಿ ಹೇಳಲಿ ಎಂಬುದು ಅತ್ತೆಯ ಲೆಕ್ಕಾಚಾರ. ಅದಕ್ಕೇ ವರ್ಷಕ್ಕೊಮ್ಮೆ ಅದೇ ಜಾಗ, ಅದೇ ಹಗ್ಗ. ಹಗ್ಗದ ತುದಿ ಹಿಡಿಯಲು ಮದ್ದೂರಿನಿಂದ ನಾನು ಬರಬೇಕು. ಬರುವುದಷ್ಟೇ ಅಲ್ಲ, ಮಾವನ ಅಂಗಿ ಹಾಕಿಕೊಂಡು ಬರಬೇಕು. ಮಾವನ ಅಂಗಿ ಮಾವನ ಜೊತೆಗೇ ಹೋಯಿತಲ್ಲ ಎನ್ನುತ್ತೀರಾ? ಅಲ್ಲೇ ಇರುವುದು ಪಜೀತಿ. ನನ್ನ ತಂಗಿಯ ಮದುವೆಯಲ್ಲಿ ಅಪ್ಪ ಒಂದೇ ಥಾನು ಬಟ್ಟೆ ತಂದು ಮನೆಯ ಗಂಡಸರಿಗೆಲ್ಲ ಹಸಿರು ಚೌಕಳಿ ಅಂಗಿ ಹೊಲಿಸಿದ್ದರು. ಮಾವ ಅವತ್ತು ಹಾಕಿಕೊಂಡು ಹೋದದ್ದೂ ಅದನ್ನೇ. ಮದುವೆ ಫೋಟೋದಲ್ಲಿ ನಾವೆಲ್ಲ ಒಂದೇ ಹಾಸಿಗೆಯ ದಿಂಬುಗಳಂತೆ ನಿಂತಿದ್ದೇವೆ.

"ನಿನ್ನತ್ರನೂ ಅದೇ ಅಂಗಿ ಅದೆಯಲ್ಲ, ಆಕ್ಕಂಡ್ ಬಾ" ಎಂದಳು ಅತ್ತೆ, ಮೊದಲ ವರ್ಷ. ಹಾಕಿಕೊಂಡು ಹೋದೆ. ಈಗ ಹೊಟ್ಟೆಯ ಹತ್ತಿರದ ಗುಂಡಿ ಹಿಡಿಯುವುದಿಲ್ಲ. ಆದರೂ ಹಾಕಿಕೊಂಡೇ ಹೋಗುತ್ತೇನೆ. ಮಾವ ಮಾತ್ರ ಐವತ್ತೆರಡರಲ್ಲೇ ನಿಂತಿದ್ದಾರೆ. ನಾನು ನಲವತ್ತಾರಕ್ಕೆ ಬಂದಿದ್ದೇನೆ. ಇನ್ನಾರು ವರ್ಷಕ್ಕೆ ಇಬ್ಬರದೂ ಒಂದೇ ವಯಸ್ಸು!

ಅತ್ತೆಗೆ ನಾನು ಹೇಳದೆ ಉಳಿಸಿಕೊಂಡದ್ದು ಒಂದಿತ್ತು. ಮಾವನನ್ನು ಅವತ್ತು ನೋಡಿದೆವು ಎಂದವರು ಮೂರು ಜನ. ಒಬ್ಬಳು ಗುಲಾಬಿಯ ಸಾಲಿನಲ್ಲಿ ನೋಡಿದ್ದಳು, ಒಬ್ಬ ಹೊರಗಿನ ಟೀ ಅಂಗಡಿಯಲ್ಲಿ, ಇನ್ನೊಬ್ಬ ಮಳವಳ್ಳಿ ಬಸ್ಸು ಹತ್ತುವಾಗ. ಮೂವರೂ ಗುರುತು ಹೇಳಿದ್ದು ಹಸಿರು ಚೌಕಳಿ ಅಂಗಿಯಿಂದ. ಆಗ ನನಗೆ ಕೆಲಸ ಮಳವಳ್ಳಿಯಲ್ಲಿ. ಅವತ್ತು ನಾನೂ ಪ್ರದರ್ಶನಕ್ಕೆ ಹೋಗಿದ್ದೆ. ಹಸಿರು ಚೌಕಳಿ ಅಂಗಿ ಹಾಕಿದ್ದೆ. ಗುಲಾಬಿ ನೋಡಿದೆ, ಟೀ ಕುಡಿದೆ, ಮಳವಳ್ಳಿ ಬಸ್ಸು ಹತ್ತಿದೆ. ಮಾವ ಬಂದಿದ್ದು ನನಗೆ ಗೊತ್ತೇ ಇರಲಿಲ್ಲ. ವಿಷಯ ನನ್ನ ಕಿವಿಗೆ ಬೀಳುವ ಹೊತ್ತಿಗೆ ಅತ್ತೆ ಮಳವಳ್ಳಿ ಮುಗಿಸಿ ಶಿವನಸಮುದ್ರದಲ್ಲಿ ಮನೆಮನೆಗೂ ಫೋಟೋ ತೋರಿಸುತ್ತಿದ್ದಳು. ಅವಳ ಕೈಯಲ್ಲಿದ್ದದ್ದು ಆ ಮೂರು ಜನರ ಮಾತು ಮಾತ್ರ. ಅದು ನಾನು ಎಂದು ಹೇಳಿ ಅಷ್ಟನ್ನೂ ಕಿತ್ತುಕೊಳ್ಳಲೇ? ಸುಮ್ಮನಾದೆ. ಆರು ವರ್ಷ, ಮಾವನ ದಾರಿ ಎಂದುಕೊಂಡು ನನ್ನದೇ ದಾರಿಯಲ್ಲಿ ನಾಯಿ ಹಿಡಿದು ತಿರುಗಿದೆ!

ಈ ವರ್ಷ ಗೇಟಿನಲ್ಲೇ ತಕರಾರು.

"ಅಮ್ಮೋ, ನಾಯಿ ಒಳಕ್ಕೆ ಬುಡಂಗಿಲ್ಲ" ಎಂದ ಕಾವಲಿನವನು.

"ನಾಯಿ ಅಂತ ಯಾರಪ್ಪ ಯೋಳಿದ್ದು? ಇದು ಸಾಕ್ಸಿ."

"ಸಾಕ್ಷಿಯಾ? ಯಾವ ಕೇಸಿಗಮ್ಮ?"

"ನಮ್ಮನೆ ಕೇಸಿಗೆ. ನಿನ್ನಂಗೆ ಗಳಿಗೆಗೊಂದ್ ಮಾತಾಡಕಿಲ್ಲ ಇದು, ಏಳ್ ವರ್ಸದಿಂದ ಬಾಯೇ ಬುಟ್ಟಿಲ್ಲ. ತಗಿ ಗೇಟ!"

ಅವನು ಕೆಂಚನ ಮುಖ ನೋಡಿದ. ಏನು ಕಂಡನೋ, ತೆಗೆದ.

ಒಳಗೆ ಸೇವಂತಿಗೆಯಲ್ಲಿ ಮಾಡಿದ ಆಳೆತ್ತರದ ರೈತ ದಂಪತಿ ನಿಂತಿದ್ದರು. ಪ್ರದರ್ಶನದ ಕಡೆಯ ದಿನ. ಗಂಡನ ಮುಖದ ಹೂವು ಉದುರಿ ತಂತಿಯ ಬಲೆ ಕಾಣುತ್ತಿತ್ತು. ಅದರ ಪಕ್ಕದಲ್ಲಿ ನಿಂತು ಜನ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಕೆಂಚ ಆ ಮುಖವಿಲ್ಲದವನ ಕಾಲು ಮೂಸಿ ಬಾಲ ಆಡಿಸಿತು. ನಾನು ಹಗ್ಗ ಎಳೆದು ಅದನ್ನು ಮುಂದಕ್ಕೆ ನಡೆಸಿದೆ.

ಅತ್ತೆ ನಮ್ಮನ್ನು ಮುಂದೆ ಬಿಟ್ಟು ಮೈಕಿನ ಮೇಜಿನ ಕಡೆ ಹೋದಳು. ಅದೂ ಪ್ರತಿವರ್ಷದ ಪದ್ಧತಿ. ಮಕ್ಕಳು ಕಳೆದುಹೋದರೆ ಕೂಗುವ ಮೈಕದು. ಅತ್ತೆ ನಮ್ಮ ಕಡೆಯ ಹಳೆಯ ಹೆಂಗಸರಂತೆ ಗಂಡನ ಹೆಸರನ್ನು ಬಾಯಲ್ಲಿ ಹೇಳುವವಳಲ್ಲ. ಚೀಟಿಯಲ್ಲಿ ನಾನೇ ಬರೆದುಕೊಡಬೇಕು. ಬೇರೆ ವರ್ಷ ಹೆಸರು, ಊರು ಕೂಗಿ ಬಿಡುತ್ತಿದ್ದರು. ಈ ಸಲದವನು ಹೊಸಬ, ಉತ್ಸಾಹಿ, ಗುರುತುಗಳನ್ನೂ ಕೇಳಿಕೊಂಡಿದ್ದಾನೆ. ಮಾವನ ಹೆಸರು ಗುಡುಗಿತು. ಆಮೇಲೆ, "ವಯಸ್ಸು ಐವತ್ತೆರಡು, ಹಸಿರು ಚೌಕಳಿ ಅಂಗಿ, ಜೊತೆಯಲ್ಲಿ ಕೆಂಚು ಬಣ್ಣದ ನಾಯಿ. ಎಲ್ಲಿದ್ದರೂ ಮೈಕಿನ ಬಳಿ ಬರಬೇಕು. ನಿಮ್ಮ ಮನೆಯವರು ಕಾಯುತ್ತಿದ್ದಾರೆ."

ಸುತ್ತಲಿನವರೆಲ್ಲ ನನ್ನ ಕಡೆ ತಿರುಗಿದರು.

ಕುಂಡಗಳ ನಡುವಿನಿಂದ ಒಬ್ಬಳು ಗಟ್ಟಿ ಹೆಂಗಸು ಬಂದು ನನ್ನ ರಟ್ಟೆ ಹಿಡಿದಳು. "ಏನಣ್ಣ, ಎಂಡ್ರು ಅಲ್ಲಿ ಬಾಯ್ ಬಡ್ಕತಾವ್ಳೆ, ನೀನಿಲ್ಲಿ ಡೇರೆ ಹೂವ ನೋಡ್ಕಂಡ್ ನಿಂತಿದ್ದೀಯಾ?"

"ನಾನಲ್ಲ ಕಣಮ್ಮ..."

"ಅಂಗೀನೂ ಅದೇ, ನಾಯೀನೂ ಅದೇ, ನೀನು ಮಾತ್ರ ಬೇರೆನಾ? ನಡಿ ನಡಿ!"

ಹೀಗೆ ನನ್ನನ್ನು ಎಳೆದುಕೊಂಡು ಹೋಗಿ ಅತ್ತೆಯ ಎದುರು ನಿಲ್ಲಿಸಿ, "ತಗಳಮ್ಮ, ಸಿಕ್ಕುದ್ರು ನಿಮ್ಮೆಜಮಾನ್ರು" ಎಂದಳು. ಅತ್ತೆ ತಲೆಯೆತ್ತಿದಳು. ಅರೆಗಳಿಗೆ, ಅರೆಗಳಿಗೆಗಿಂತಲೂ ಕಡಿಮೆ ಇರಬಹುದು, ಅವಳು ನೋಡಿದ್ದು ನನ್ನನ್ನಲ್ಲ. ಯಾರೂ ನನ್ನನ್ನು ಹಾಗೆ ನೋಡಿಲ್ಲ. ಆಮೇಲೆ ಅವಳ ಮುಖದಲ್ಲಿ ನಾನು ಮತ್ತೆ ನಾನಾದೆ. ಅದನ್ನು ನೋಡುವುದು ಮಾತ್ರ ಬೇಡವಾಗಿತ್ತು.

ಬಾಯಿಬಿಟ್ಟೆ. "ಅತ್ತೆ, ಆವತ್ತು ನಾನೂ ಬಂದಿದ್ದೆ. ಇದೇ ಅಂಗೀಲಿ. ಅವ್ರು ನೋಡಿದ್ದು ನನ್ನ ಕಣತ್ತೆ, ಮಾವನ್ನಲ್ಲ."

ಅತ್ತೆ ಬಯ್ಯಲಿಲ್ಲ. ಬೆಂಚಿನ ಮೇಲೆ ಜಾಗ ಮಾಡಿಕೊಟ್ಟಳು.

"ಗೊತ್ತು ಕಣ್ಲಾ. ಮೊದ್ಲೇ ವರ್ಸವೇ ಗೊತ್ತಾಯ್ತು. ಟೀ ಅಂಗ್ಡಿಯವ್ನು ನಿನ್ನ ನೋಡಿ, ಆವತ್ತಿನಂಗೆ ಸಕ್ರೆ ಕಮ್ಮಿನಾ ಅಣ್ಣ ಅಂದ. ನಿಮ್ಮಾವ ಗಾಣದ ತಾವ ಕೂತು ಬೆಲ್ಲ ಬಾಚ್ಕಂಡು ತಿನ್ನೋ ಆಸಾಮಿ. ಸಕ್ರೆ ಕಮ್ಮಿ ಕುಡಿಯೋನಾ?"

"ಮತ್ಯಾಕತ್ತೆ ವರ್ಸಾವರ್ಸ ಬತ್ತೀಯಾ?"

ಮೈಕಿನವನಿಗೆ ಆಸಾಮಿ ಸಿಕ್ಕಿದ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಮಾವನ ಹೆಸರನ್ನು ಮತ್ತೊಮ್ಮೆ ಕೂಗಿದ. ಅದು ಮುಗಿಯುವವರೆಗೆ ಅತ್ತೆ ಕೈಯೆತ್ತಿ ನನ್ನನ್ನು ತಡೆದಳು.

"ನಾನು ಎಸ್ರು ಯೋಳಂಗಿಲ್ಲ. ನಂಗೆ ನೋವಾಯ್ತದೆ ಅಂತ ಊರಲ್ಲಿ ಯಾರೂ ಎತ್ತಂಗಿಲ್ಲ. ಇಲ್ಲಿ ಕೂಗ್ತಾರೆ. ಮಂಡ್ಯಕ್ಕೆಲ್ಲ ಕೇಳಂಗೆ ಕೂಗ್ತಾರೆ."

ಕೆಂಚ ನನ್ನ ಪಾದದ ಮೇಲೆ ಗದ್ದವಿಟ್ಟು ಮಲಗಿತ್ತು. ಅತ್ತೆ ಅದನ್ನೇ ನೋಡುತ್ತ ಕೇಳಿದಳು.

"ಒಂದ್ ಯೋಳು ಮಗ. ಟೀ ಅಂಗ್ಡಿಯವ್ನು ಇನ್ನೊಂದ್ ಮಾತಂದ, ನಿನ್ನಿಂದೆ ಒಂದು ನಾಯಿ ಇತ್ತು ಅಂತ. ಅಂಗಿ ನೋಡಿ ಈ ನಾಯಿ ನಿನ್ನೇ ನಿಮ್ಮಾವ ಅಂದ್ಕಂಡು, ಅವ್ರನ್ನ ಬುಟ್ಟು ನಿನ್ನಿಂದೆ ಬಂದ್ಬುಡ್ತಾ?"

ಟೀ ಬಿಸಿಯಿದ್ದದ್ದು ನೆನಪಿದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿದ್ದೂ ನೆನಪಿದೆ. ನನ್ನ ಹಿಂದೆ ಏನಿತ್ತು ಎಂಬುದು ನೆನಪಿಲ್ಲ. ತಿರುಗಿ ನೋಡಿದೆನೋ ಇಲ್ಲವೋ, ಅದೂ ನೆನಪಿಲ್ಲ.

"ಗೊತ್ತಿಲ್ಲ ಅತ್ತೆ" ಎಂದೆ. ನನಗೆ ಗೊತ್ತಿಲ್ಲ.