ಕೆರೆಯ ದಂಡೆಯ ಮೇಲಿನ ವಾಲ್ವು

ಚಳವಳಿ ಮಾಡುವವನಿಗೆ ಸಿಟ್ಟೇ ಬಂಡವಾಳ. ಆದರೆ ನಮ್ಮ ಮುಂಡರಗಿ ಕಡೆಯ ಜನ ಒಬ್ಬನ ಸಿಟ್ಟನ್ನು ಪೂರಾ ಕುದಿಯಲು ಬಿಡುವುದಿಲ್ಲ. ಉಕ್ಕುವ ಹೊತ್ತಿಗೆ ಸರಿಯಾಗಿ ಯಾರೋ ನಗಿಸಿ ಒಲೆ ಆರಿಸುತ್ತಾರೆ.

ನಮ್ಮೂರ ಗುಡ್ಡದ ಮಗ್ಗುಲಿಗೆ ಅದಿರಿನ ಕಾರ್ಖಾನೆ ಬರುವುದಿತ್ತು. ಅದಿರು ತೊಳೆದು ಉಳಿದ ರಾಡಿಯನ್ನು ಕೊಳವೆಯಲ್ಲಿ ದೂರದ ಹೊಂಡಕ್ಕೆ ಸಾಗಿಸುವ ನಕ್ಷೆಯೂ ಸಿದ್ಧವಾಗಿತ್ತು. ನಾನು ಶಾಲೆ ಬಿಟ್ಟವನು. ಆದರೂ ಗದಗಿನಿಂದ ಹಳೇ ಪುಸ್ತಕ ತಂದು, ತಿಳಿಯದ್ದನ್ನು ಬೈಯುತ್ತ ಬೈಯುತ್ತ ಓದಿದೆ. ರಾಡಿ ಹರಿಯುತ್ತಲೇ ಇರಬೇಕು. ನಿಂತರೆ ತಳಕ್ಕೆ ಕೂತು ಕೊಳವೆ ಕಟ್ಟಿಕೊಳ್ಳುತ್ತದೆ. ಆಗ ಎಲ್ಲಕ್ಕಿಂತ ತಗ್ಗಿನಲ್ಲಿರುವ ವಾಲ್ವು ಬಿಚ್ಚಿ ರಾಡಿಯನ್ನು ಹೊರಗೆ ಸುರಿಯಬೇಕು. ಆ ವಾಲ್ವು ನಕ್ಷೆಯಲ್ಲಿ ಇದ್ದದ್ದು ನಾವು ಕುಡಿಯುವ ಕೆರೆಯ ದಂಡೆಯ ಮೇಲೆ!

೧. ಅಂಬಲಿ

ಊರಿಗೆ ತಿಳಿಸಬೇಕೆಂದು ಸಭೆ ಕರೆದೆ. ಗಂಟಲು ಹರಿಯುವಂತೆ ವಿವರಿಸಿದೆ. ಮುಂದೆ ಕೂತ ಮುದುಕಿ ಕೇಳಿದಳು: “ಅಂದ್ರ ಕಲ್ಲಿನ ಅಂಬಲಿ ಅನ್ನು.”

“ಹೂಂ ಯವ್ವಾ. ತಿರುವೂದು ನಿಂತರ ತಳಾ ಹಿಡೀತೈತಿ.”

“ತಿರುವಾಕ ಅವರ ಮನ್ಯಾಗ ಸೊಸಿ ಇಲ್ಲೇನಲೇ?”

ಹಿಂದಿನಿಂದ ಅವಳ ಸೊಸೆಯೇ ಎದ್ದಳು: “ಸೊಸಿ ಕೈ ಒಮ್ಮೆರ ನಿಂದ್ರತಾವು. ನಿಂದ್ರಲಾರದ್ದು ಬೇಕಂದ್ರ ನಮ್ಮತ್ತಿ ಬಾಯಿ ಕೊಟ್ಟ ಕಳಸ್ರಿ!”

ಸಭೆ ಅಲ್ಲಿಗೇ ಮುಗಿಯಿತು. ನನ್ನ ಘೋಷಣೆಗಳು ಹೊಟ್ಟೆಯಲ್ಲೇ ಉಳಿದವು.

೨. ತಿರುವು

ನಕ್ಷೆ ಬರೆದ ಎಂಜಿನಿಯರ್ ಹೆಣ್ಣುಮಗಳು ಜಾಗ ನೋಡಲು ಬಂದಳು. ಧಾರವಾಡದ ಹುಡುಗಿ, ಮಾತು ಚೊಕ್ಕ. ಮುಂಜಾನೆ ಊರೆಲ್ಲ ನನ್ನ ಹಿಂದೆ ನಿಂತು “ಕೊಳವಿ ಬ್ಯಾಡಾ!” ಎಂದು ಕೂಗಿತು. ಮಧ್ಯಾಹ್ನ ಅದೇ ಮಂದಿ ಒಬ್ಬೊಬ್ಬರೇ ಅವಳ ಜೀಪಿನ ಹತ್ತಿರ ಹೋದರು. “ಬಾಯಾರ, ನನ್ನ ಹೊಲಾ ಬಿಡ್ರಿ. ನಮ್ಮ ದಾಯಾದಿ ಹೊಲದಾಗ ತಿರುವ್ರಿ, ಅಂವಾ ಭಾಳ ಸೊಕ್ಕಿನಾಂವ.” ದಾಯಾದಿಯೂ ಹೋಗಿ ಅದನ್ನೇ ಹೇಳಿ ಬಂದ.

ನಾನು ಊರವರ ಮೇಲೆ ಉರಿದುಬಿದ್ದೆ: “ನಾಚಿಕಿ ಇಲ್ಲೇನ ನಿಮಗ?” ಎಂಜಿನಿಯರ್ ಹುಡುಗಿ ತಣ್ಣಗೆ ನಕ್ಷೆಯ ಕಾಗದ ಬಿಚ್ಚಿದಳು. “ಸಿಟ್ಟಾಗಬ್ಯಾಡ್ರಿ ಕಾಕಾರ. ನಿಮ್ಮ ಮಂದಿ ಹೇಳಿದಂಗ ಗೆರಿ ಎಳದೇನಿ, ನೋಡ್ರಿ. ಜಿಲೇಬಿ ತಯಾರಾತು. ಪಾಕದಾಗ ಅದ್ದೂದೊಂದ ಬಾಕಿ.”

೩. ಎಂದೂ ನಿಲ್ಲದ ಲೈನು

ಕೊಳವೆಯನ್ನು ಗುಡ್ಡದ ಆಚೆ ಬದಿಗೆ ಒಯ್ದರೆ ತಗ್ಗೂ ವಾಲ್ವೂ ಕೆರೆಯಿಂದ ದೂರ ಬೀಳುತ್ತವೆ ಎಂದು ಆ ಹುಡುಗಿಯೇ ಒಪ್ಪಿದಳು. ಒಪ್ಪದವರು ಅವಳ ಮೇಲಿನ ಸಾಹೇಬರು. “ನಮ್ಮ ಲೈನು ಎಂದೂ ನಿಲ್ಲೋದೇ ಇಲ್ಲ. ವಾಲ್ವು ಎಲ್ಲಿದ್ದರೇನು?”

ನಮ್ಮನ್ನು ನಂಬಿಸಲು ಶಿರಹಟ್ಟಿಯ ಒಂದು ಕಲ್ಯಾಣಮಂಟಪದಲ್ಲಿ ಸಣ್ಣ ಮಾದರಿ ಹೂಡಿಸಿದರು. ಒಂದು ಪಂಪು, ಒಳಗಿನದು ಕಾಣುವ ಪ್ಲಾಸ್ಟಿಕ್ ಕೊಳವೆ, ತಗ್ಗಿನಲ್ಲಿ ವಾಲ್ವು. ಅದರ ಬುಡದಲ್ಲಿ ಕೆರೆ ಅಂತ ನೆಲಕ್ಕೆ ನೀಲಿ ಕಾಗದ. ಸಾಹೇಬರು ಮೈಕು ಹಿಡಿದು ಆ ಕಾಗದದ ಮೇಲೆಯೇ ನಿಂತರು.

ಕೆಂಪು ರಾಡಿ ಚಂದವಾಗಿ ಹರಿಯಿತು. ಆದರೆ ಪಂಪಿನ ಸದ್ದಿಗೆ ಭಾಷಣ ಕೇಳಿಸಲಿಲ್ಲ. ಸಾಹೇಬರು ಕಣ್ಣು ಕೆಂಪಗೆ ಮಾಡಿದರು: “ಮೊದಲು ಆ ಪಂಪು ನಿಲ್ಲಿಸ್ರೀ!”

ನಿಲ್ಲಿಸಿದರು. ಆಮೇಲೆ ಸಾಹೇಬರು, ಲೈನು ಯಾಕೆ ಎಂದೂ ನಿಲ್ಲುವುದಿಲ್ಲ ಎಂಬುದನ್ನು ಶಾಂತವಾಗಿ, ಸವಿಸ್ತಾರವಾಗಿ ವಿವರಿಸಿದರು. ಕೂಗಲೆಂದು ನಾನು ಏಳುತ್ತಿದ್ದೆ. ಎಂಜಿನಿಯರ್ ಹುಡುಗಿ ಪಿಸುಗುಟ್ಟಿದಳು: “ಕುಂಡ್ರಿ ಕಾಕಾರ. ಅವರು ನಿಮಗಿಂತ ಚಲೋ ಹೇಳಾಕತ್ತಾರ.”

ಭಾಷಣ ಮುಗಿದ ಮೇಲೆ ಪಂಪು ಹಾಕಿದರೆ ರಾಡಿ ಕದಲಲಿಲ್ಲ. ಕೊಳವೆ ಬಸುರಿಯಂತೆ ಉಬ್ಬತೊಡಗಿತು. “ವಾಲ್ವು ಬಿಚ್ಚಿ! ಬೇಗ ಬಿಚ್ಚಿ!” ಎಂದು ಸಾಹೇಬರೇ ಕಿರುಚಿದರು.

ಬಿಚ್ಚಿದರು. ಸಾಹೇಬರ ಬೂಟು, ಕಾಲುಚೀಲ, ಬಿಳಿ ಪ್ಯಾಂಟು, ಮೊಳಕಾಲತನಕ ಕೆಂಪು.

ಹುಡುಗಿ ನಕ್ಷೆ ತೆರೆದು ವಿನಯವಾಗಿ ಕೇಳಿದಳು: “ಸರ್, ವಾಲ್ವು ಎಲ್ಲಿಗೆ ಸರಿಸಲಿ?”

“ಗುಡ್ಡದ ಆಚೆಗಾದರೂ ಒಯ್ಯಮ್ಮ, ಎಲ್ಲಿಗಾದರೂ ಒಯ್ಯಿ! ಮೊದಲು ನನ್ನನ್ನ ಈ ಕೆರೆಯಿಂದ ಎತ್ತಿ!”