ಬಿಳಿ ಕುದುರೆಯ ತುರಿಕೆ, ಕ್ವಾರ್ಟರ್ಸಿನ ಬೀಗದ ಕೈ

ಆ ಬೆಳಿಗ್ಗೆ ಸವಾರಿ ಶಾಲೆಯ ಬಿಳಿ ಕುದುರೆ ಸುಮ್ಮನೆ ನಿಂತಿದ್ದರೆ ಈ ಕತೆ ಹೇಳುವ ಪ್ರಮೇಯವೇ ಇರುತ್ತಿರಲಿಲ್ಲ. ಅದು ಮೊದಲು ಹಿಂಗಾಲು ಕುಟ್ಟಿತು, ಆಮೇಲೆ ಮುಂಗಾಲು, ಕೊನೆಗೆ ನಾಲ್ಕನ್ನೂ ಸರದಿಯ ಮೇಲೆ ಕುಟ್ಟತೊಡಗಿತು. ಲಾಯದವ ಮಂಡಿಯೂರಿ, ಗೊರಸಿನ ಮೇಲೆ ಜೋತುಬಿದ್ದ ಉದ್ದ ಕೂದಲನ್ನು ಬಿಡಿಸಿ ನೋಡಿದ. ಒಳಗೆ ಚರ್ಮ ಹೊಟ್ಟೆದ್ದು ಹಕ್ಕಳೆ ಕಟ್ಟಿತ್ತು.

ಸಂಜೆ ನಾಲ್ಕಕ್ಕೆ ಯಜಮಾನರು ಲಾಯ ನೋಡಲು ಬರುವವರಿದ್ದರು. ಎಲ್ಲ ಸರಿಯಿದ್ದರೆ ಹಿಂದುಗಡೆಯ ಖಾಲಿ ಕ್ವಾರ್ಟರ್ಸಿನ ಬೀಗದ ಕೈ ಅವನಿಗೆ. ಮದುವೆಯಾದಾಗಿನಿಂದ, ಎಂದರೆ ನಾಲ್ಕು ವರ್ಷದಿಂದ, ಗಂಡ ಹೆಂಡತಿ ಭಾವಮೈದನ ಮನೆಯಲ್ಲಿದ್ದರು. ಅಲ್ಲಿ ಅವನ ಪಾಲಿಗೆ ಬಂದದ್ದು ಅತ್ತೆಯ ಮಂಚದ ಪಕ್ಕದ ಒಂದು ಚಾಪೆಯ ಜಾಗ. ಅತ್ತೆಯ ಗೊರಕೆ ಕೇಳಿಸದ ಒಂದು ಗೋಡೆ ಸಿಕ್ಕರೆ ಸಾಕೆಂದು ಅವನ ಜೀವ ಬಾಯಿಬಿಡುತ್ತಿತ್ತು.

ಗುಟ್ಟಾಗಿ ಪಶುವೈದ್ಯರಿಗೆ ಫೋನ್ ಮಾಡಿದ. ಅವರು ವಿವರ ಕೇಳಿ, ಅದು ಕಣ್ಣಿಗೆ ಕಾಣದ ಕಜ್ಜಿಹುಳು, ಕಾಲಿನ ಕೂದಲು ಕತ್ತರಿಸಿ, ತೊಳೆದು, ಔಷಧಿ ಹಚ್ಚಬೇಕು, ಎರಡು ವಾರ ಬಿಟ್ಟು ಮತ್ತೆ ಹಚ್ಚಬೇಕು ಎಂದರು. ಪ್ರತಿ ಕುದುರೆಗೂ ಬೇರೆ ಬೇರೆ ಬ್ರಷ್ ಇದೆ ತಾನೇ ಎಂದೂ ಕೇಳಿದರು. ಇತ್ತು. ಯಜಮಾನರು ನೋಡುವಾಗ ಹೊಸದಾಗಿ ಕಾಣಲೆಂದು ಆರು ಬ್ರಷ್‌ಗಳನ್ನೂ ಕಾಗದ ಬಿಚ್ಚದೆ ಗೋಡೆಗೆ ನೇತುಹಾಕಿ, ಒಂದೇ ಹಳೆಯ ಬ್ರಷ್‌ನಲ್ಲಿ ಆರೂ ಕುದುರೆಗಳ ಮೈ ಉಜ್ಜುತ್ತಿದ್ದ ಮಹಾನುಭಾವ ಅವನು. ಬಿಳಿ ಕುದುರೆಯನ್ನು ಕೂಡಲೇ ಬೇರೆ ಕಟ್ಟಿ, ಸಂಜೆ ಬಂದು ನೋಡ್ತೀನಿ ಎಂದರು ವೈದ್ಯರು. ಬೇರೆ ಕಟ್ಟಿದರೆ ಯಜಮಾನರು ಕಾರಣ ಕೇಳುತ್ತಾರೆ. ಆದ್ದರಿಂದ ಅದನ್ನು ನಾಳೆಗೆ ಬಿಟ್ಟ.

ಒಂದು ಕಾಲಿನ ಕೂದಲು ಕತ್ತರಿಸುವಷ್ಟರಲ್ಲಿ ಗೇಟಿನ ಕಾವಲುಗಾರ ಮೂಗು ತೂರಿಸಿದ. ಒಂದು ಕಾಲು ಬೋಳು, ಮೂರು ಕಾಲು ಜೊಂಪೆ, ಇದೇನು ಅವತಾರ ಎಂದು ನಕ್ಕ. ಯಜಮಾನರ ಕಣ್ಣಿಗೂ ಬಿದ್ದೀತೆಂಬ ಭಯಕ್ಕೆ ಲಾಯದವ ನಾಲ್ಕೂ ಕಾಲು ಬೋಳಿಸಿದ. ಬೋಳಾದ ಮೇಲೆ ಹಕ್ಕಳೆಗಳು ಇನ್ನೂ ಚೆನ್ನಾಗಿ ಕಂಡವು. ಆಫೀಸಿನ ಗುಮಾಸ್ತ ಕನ್ನಡಕ ಒರೆಸಿಕೊಂಡು ನೋಡಿ, ಬಟ್ಟೆ ಸುತ್ತಿದರೆ ಮುಗಿಯಿತಲ್ಲ ಎಂದು ಸಲಹೆ ಕೊಟ್ಟ. ಸುತ್ತಿದ್ದಾಯಿತು. ಬಟ್ಟೆಯೊಳಗೆ ಸೆಕೆಯೇರಿ ತುರಿಕೆ ಇಮ್ಮಡಿಯಾಗಿ, ಕುದುರೆ ನೆಲ ಅದುರುವಂತೆ ಕುಟ್ಟತೊಡಗಿತು.

"ಯಜಮಾನ್ರು ಕೇಳಿದ್ರೆ ಕವಾಯತು ಕಲಿಸ್ತಿದ್ದೀನಿ ಅನ್ನು," ಎಂದು ಹೇಳಿ ಗುಮಾಸ್ತ ಮೆಲ್ಲಗೆ ಜಾಗ ಖಾಲಿ ಮಾಡಿದ.

ನಾಲ್ಕಕ್ಕೆ ಸರಿಯಾಗಿ ಯಜಮಾನರು ಬಂದರು. ಅವರ ಹಿಂದೆಯೇ ಲಾಯದವನ ಹೆಂಡತಿ, ಕಂಕುಳಲ್ಲಿ ಹೊಸ ಪರದೆ, ಕೈಯಲ್ಲಿ ಪಾತ್ರೆಯ ಗಂಟು. ಅವಳ ಹಿಂದೆ, ಮಗಳ ಹೊಸ ಮನೆ ನೋಡಲು ಅತ್ತೆ. ಕವಾಯತಿನ ಮಾತು ಕೇಳಿ ಯಜಮಾನರು ಹಿರಿಹಿರಿ ಹಿಗ್ಗಿದರು. ಕಾಲಿಗೆ ಪಟ್ಟಿ, ಹೆಜ್ಜೆಗೆ ತಾಳ, ಇಂಥ ಕುದುರೆ ಬೇರೆ ಯಾವ ಶಾಲೆಯಲ್ಲಿದೆ ಎನ್ನುತ್ತ ಜೇಬಿಗೆ ಕೈಹಾಕಿ ಬೀಗದ ಕೈ ತೆಗೆದೇಬಿಟ್ಟರು.

ಅದನ್ನು ತೆಗೆದುಕೊಳ್ಳಲು ಲಾಯದವ ಕೈ ಚಾಚಬೇಕಿತ್ತು. ಆದರೆ ಬಲಗೈ ಎಡಗೈಯನ್ನು ಪರಪರ ಕೆರೆಯುತ್ತಿತ್ತು. ಮಧ್ಯಾಹ್ನದಿಂದಲೂ ಕೆರೆಯುತ್ತಿದ್ದ, ಗಡಿಬಿಡಿಯಲ್ಲಿ ಅವನಿಗೇ ತಿಳಿದಿರಲಿಲ್ಲ. ಅತ್ತೆಗೆ ತಿಳಿಯಿತು.

"ಅಳಿಯಂದ್ರೇ, ಮೈಮೇಲೆ ಅದೇನದು ದದ್ದು?"

ಅಷ್ಟರಲ್ಲಿ ಕುದುರೆ ಹಲ್ಲಿನಿಂದ ಪಟ್ಟಿ ಎಳೆದು ಯಜಮಾನರ ಬೂಟಿನ ಮೇಲೆ ಹಾಕಿತು. ಪಶುವೈದ್ಯರೂ ಔಷಧಿ ಪೆಟ್ಟಿಗೆ ಹಿಡಿದು ಒಳಗೆ ಬಂದರು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಲಾಯದವ ಬ್ರಷ್‌ನಿಂದ ಹಿಡಿದು ಕವಾಯತಿನವರೆಗೆ ಎಲ್ಲ ಒಪ್ಪಿಕೊಂಡು ತಲೆ ತಗ್ಗಿಸಿ ನಿಂತ. ನಾಚಿಕೆಯಿಂದ ಅವನ ಕಣ್ಣು ತುಂಬಿತು.

ವೈದ್ಯರು ಕಾಲು ನೋಡಿ ಔಷಧಿ ಹಚ್ಚಿದರು. ಅವನ ತುರಿಕೆ ತಾನಾಗಿ ಹೋಗುತ್ತದೆ, ಆದರೆ ಕುದುರೆಯನ್ನು ಈ ಕ್ಷಣವೇ ಬೇರೆ ಇಡದಿದ್ದರೆ ಉಳಿದ ಐದರ ಗತಿಯೂ ಇದೇ ಎಂದರು. ಯಜಮಾನರು ಖಾಲಿ ಕ್ವಾರ್ಟರ್ಸಿನ ಕಡೆ ಒಮ್ಮೆ ನೋಡಿದರು. ಆಮೇಲೆ, ಯಾರೂ ನಿರೀಕ್ಷಿಸದಂತೆ, ಬೀಗದ ಕೈಯನ್ನು ಲಾಯದವನ ಅಂಗೈಯಲ್ಲೇ ಇಟ್ಟರು.

ಅವನಿಗೆ ಹೋದ ಜೀವ ಬಂದಂತಾಯಿತು. ಇಂಥ ದೊಡ್ಡ ಮನಸ್ಸು ಯಾರಿಗಿದೆ ಎಂದು ಕಾಲಿಗೆ ಬೀಳಲು ಬಗ್ಗಿದ.

"ಬಗ್ಗೋದು ಆಮೇಲೆ. ಕುದುರೇನ ಅಲ್ಲಿಗೆ ಸಾಗಿಸು," ಎಂದರು ಯಜಮಾನರು. "ಇಡೀ ಕಾಂಪೌಂಡಲ್ಲಿ ಗೋಡೆ ಬಾಗಿಲು ಇದ್ದು ಖಾಲಿ ಇರೋ ಜಾಗ ಅದೊಂದೇ. ಕಾಯಿಲೆ ಕುದುರೆಗೆ ಬೇರೆ ಮನೆ ಬೇಕು ಅನ್ನೋದು ನನಗಿವತ್ತು ಅರ್ಥ ಆಯ್ತು. ಇನ್ಮೇಲೆ ಕ್ವಾರ್ಟರ್ಸು ಅದಕ್ಕೇ ಇರ್ಲಿ."

ಹೆಂಡತಿ ಪಾತ್ರೆಯ ಗಂಟನ್ನು ಮೆಲ್ಲಗೆ ನೆಲದ ಮೇಲಿಟ್ಟಳು. ಅವಳ ಮುಖ ನೋಡುವ ಧೈರ್ಯ ಅವನಿಗಾಗಲಿಲ್ಲ. ಲಗಾಮು ಹಿಡಿದು ಮುಂದೆ ಹೋದ. ಬಿಳಿ ಕುದುರೆ ಹೊಸ್ತಿಲು ದಾಟಿ, ಕೋಣೆಯನ್ನೊಮ್ಮೆ ಮೂಸಿ, ಒಪ್ಪಿತೆಂಬಂತೆ ಮೂಲೆಗೆ ಹೋಗಿ ನಿಂತಿತು.

ಅವನು ಹೊರಗೆ ಬಂದಾಗ ಅತ್ತೆ ಆಗಲೇ ಮಗನೊಡನೆ ಫೋನಿನಲ್ಲಿ ಮಾತಾಡಿ ಮುಗಿಸಿದ್ದರು. ಅಳಿಯನಿಂದ ಎರಡು ಮಾರು ದೂರ ನಿಂತೇ ಸುದ್ದಿ ತಿಳಿಸಿದರು.

"ತುರಿಕೆ ವಾಸಿಯಾಗೋವರೆಗೂ ಭಾವ ನಮ್ಮನೆಗೆ ಬರೋದು ಬೇಡ ಅಂದ ನನ್ನ ಮಗ. ನಿಮ್ಮ ಚಾಪೆ ಕಳಿಸ್ತೀನಿ. ಜಾಗ ಸಾಲದಿದ್ರೆ ಕುದುರೇನ ಸ್ವಲ್ಪ ಆಚೆ ಸರಿಸ್ಕೊಳ್ಳಿ."