ಹದಿಮೂರು ಮಂದಿ ಮತ್ತು 2,76,44,437

2005ರ ಜನವರಿ 23, ಭಾನುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಕೊಂಡಾಪುರದ ಒಂದು ಅಪಾರ್ಟ್‌ಮೆಂಟಿನ ಹದಿಮೂರು ಕನ್ನಡಿಗರು ವರ್ಷಕ್ಕೊಮ್ಮೆ ನಡೆಯುವ ನಾಂಪಲ್ಲಿ ಎಕ್ಸಿಬಿಷನ್‌ಗೆ ಹೊರಟು ಗೇಟಿನ ಬಳಿ ನಿಂತಿದ್ದರು. ಕಾರು, ಬೈಕು, ಆಟೋ ಎಲ್ಲವೂ ಇದ್ದವು. ಯಾರ ಜೊತೆ ಯಾರು ಎಂಬುದೊಂದೇ ತೀರ್ಮಾನವಾಗಿರಲಿಲ್ಲ.

“ಗುರುಸಿದ್ದಪ್ಪನವರ ಕಾರಿನ್ಯಾಗ ನಾ ಒಲ್ಲೆ. ದಾರಿ ತುಂಬ ಹಾಡ್ತಾರ,” ಎಂದರು ಮೂರನೇ ಮಹಡಿಯ ಕೃಷ್ಣಾಬಾಯಿ.

“ನಾನರ ಹಾಡ್ತೀನಿ. ಈ ಅಮರಯ್ಯ ನಶ್ಯ ಏರಿಸಿ ಸೀನ್ತಾನ!” ಎಂದರು ಗುರುಸಿದ್ದಪ್ಪ.

“ತಮ್ಮಾ ಮಂದಾರ, ನೀ ಕಂಪ್ಯೂಟರ್ ಮನಶ್ಯಾ. ನೀನ ಹೊಂದಿಸಿಕೊಡು,” ಎಂದರು ಕೃಷ್ಣಾಬಾಯಿ.

ಮಂದಾರ ಒಪ್ಪಿದ್ದಕ್ಕೆ ಬೇರೆಯೇ ಕಾರಣವಿತ್ತು. ಎದುರುಮನೆಯ ಶುಭಾಗೆ ಪುಣೆಗೆ ವರ್ಗವಾಗಿತ್ತು, ಮರುದಿನವೇ ಹೊರಡುವವಳು. ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಲು ಅವನಿಗೆ ಉಳಿದಿದ್ದು ಈ ಒಂದು ಪ್ರಯಾಣ. ನನ್ನ ಜೊತೆ ಬನ್ನಿ ಎನ್ನುವ ಧೈರ್ಯವಿಲ್ಲದೆ ಲ್ಯಾಪ್‌ಟಾಪ್ ತೆರೆದ.

“ಹದಿಮೂರು ಮಂದೀನ್ನ ಗುಂಪು ಮಾಡಾಕ ಎಷ್ಟು ರೀತಿ ಅದಾವ ಗೊತ್ತೇನ್ರಿ? ಎರಡು ಕೋಟಿ ಎಪ್ಪತ್ತಾರು ಲಕ್ಷ ನಲವತ್ನಾಲ್ಕು ಸಾವಿರದ ನಾನೂರ ಮೂವತ್ತೇಳು!” ಎಂದ, ಹುಟ್ಟಿದ ಮಗುವಿನ ತೂಕ ಹೇಳುವ ಅಪ್ಪನಂತೆ. “ಅದೂ ಅವಿಭಾಜ್ಯ ಸಂಖ್ಯೆ. ಏನ ಮಾಡಿದ್ರೂ ಸಮಪಾಲು ಆಗೂದಿಲ್ಲ!”

“ಒಂದೊಂದು ರೀತಿ ನೋಡಾಕ ಒಂದು ಸೆಕೆಂಡ್ ಹಿಡದ್ರ?” ಶುಭಾ ಕೇಳಿದಳು.

“ಮುನ್ನೂರ ಹತ್ತೊಂಬತ್ತು ದಿನ, ಇಪ್ಪತ್ಮೂರು ತಾಸು, ಮೂವತ್ತೇಳು ಸೆಕೆಂಡ್.”

“ಮುಂದಿನ ವರ್ಷದ ಎಕ್ಸಿಬಿಷನ್‌ಗೆ ಬರೋಬ್ಬರಿ ಆತು ಬಿಡ್ರಿ!”

ಎಲ್ಲರೂ ನಕ್ಕರು. ಮಂದಾರನಿಗೆ ರೋಷ ಬಂತು. ಮನೆಗೆ ಓಡಿ, ಬಾಗಿಲು ಹಾಕಿಕೊಂಡು, ವೇಗದ ಪ್ರೋಗ್ರಾಮ್ ಬರೆದ. ಎಲ್ಲರ ಷರತ್ತುಗಳ ಜೊತೆ ತನ್ನದೊಂದನ್ನು ಗುಟ್ಟಾಗಿ ಸೇರಿಸಿದ: ಒಂದು ಆಟೋದಲ್ಲಿ ಶುಭಾ ಮತ್ತು ತಾನು, ಇಬ್ಬರೇ. ನಲವತ್ತು ನಿಮಿಷಕ್ಕೆ ಉತ್ತರ ಬಂತು. ಮೂರು ಮೆಟ್ಟಿಲಿಗೊಂದು ಹೆಜ್ಜೆ ಹಾಕಿ ಕೆಳಗಿಳಿದರೆ, ಗೇಟಿನ ಬಳಿ ನರಪಿಳ್ಳೆಯೂ ಇಲ್ಲ.

ಕೃಷ್ಣಾಬಾಯಿಗೆ ಫೋನ್ ಮಾಡಿದ. “ಮಾವಶಿ, ಎಲ್ಲಿದ್ದೀರಿ?”

“ಮೆಹದೀಪಟ್ಣಂದಾಗ ಚಹಾ ಕುಡ್ಯಾಕತ್ತೀವಿ. ಪಾಲು ಆಗೂದಿಲ್ಲಂತ ನೀನ ಅಂದೆಲ್ಲೋ ತಮ್ಮಾ? ಪಾಲಾಗದ ಮಂದಿ ಬ್ಯಾರೆ ಬ್ಯಾರೆ ಹೆಂಗ ಹೋಗೂದು? ಒಂದ ಮಿನಿಬಸ್ ಮಾಡಿಬಿಟ್ವಿ.” ಹಿಂದೆ ಹಾಡೂ ಸೀನೂ ಒಟ್ಟಿಗೆ ಕೇಳಿಸಿದವು.

“ಮತ್ತ ನನ್ನ ಬಿಟ್ಟು?”

“ನಿನಗಿನ್ನಾ ಭಾಳ ದಿನ ಬೇಕು ಅಂದ್ಲು ಶುಭಾ.”

ಮಂದಾರ ಒಬ್ಬನೇ ಆಟೋ ಹತ್ತಿದ. ಲಕಡೀಕಾಪೂಲ್ ಸಿಗ್ನಲ್ಲಿನಲ್ಲಿ ಆಟೋ ಮಿನಿಬಸ್ಸಿನ ಪಕ್ಕಕ್ಕೇ ಬಂದು ನಿಂತಿತು. ಕಿಟಕಿಯಲ್ಲಿ ಶುಭಾ.

“ಏನೋ ಹೇಳಾಕ ಬಾಯಿ ತಗದೀರಲ್ಲ, ಹೇಳ್ರಿ,” ಎಂದಳು, ನಗದೆ.

ಅಷ್ಟರಲ್ಲಿ ಉಳಿದ ಹನ್ನೊಂದು ಮುಖಗಳೂ ಕಿಟಕಿಗಳಿಗೆ ಅಂಟಿಕೊಂಡವು.

“ಲೆಕ್ಕ ಮುಗೀತು,” ಎಂದಷ್ಟೇ ಹೇಳಿದ ಮಂದಾರ.

ಹಸಿರು ದೀಪ ಬಿತ್ತು. ಬಸ್ಸು ಮುಂದೆ ಹೋಯಿತು. ಆಟೋದ ಅಂಚಿನಿಂದ ಅವಳ ಕಿಟಕಿಗಿದ್ದ ದೂರವನ್ನು ಅವನು ಕಣ್ಣಲ್ಲೇ ಅಳೆದಿದ್ದ: ಅರವತ್ತೆಂಟು ಸೆಂಟಿಮೀಟರ್.